ಹೆಣ್ಣುಮಕ್ಕಳೂ ಖಾಕಿಯೂ: ಒಬ್ಬ ಮೇಷ್ಟರ ತಪ್ಪೊಪ್ಪಿಗೆ

ಕೆಲವು ದಿನಗಳ ಹಿಂದೆ ಮದ್ದೂರು ಕಡೆಯ ಹಳೆಯ ಶಿಷ್ಯನೊಬ್ಬ ದೂರವಾಣಿ ಕರೆ ಮಾಡಿದ್ದ. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು, ಚೀಲದೊಳಗೆ ಕಬ್ಬಿನ ಜಲ್ಲೆ ಬಚ್ಚಿಟ್ಟುಕೊಂಡು, ನಾನು ಕರಿಹಲಗೆಯತ್ತ ತಿರುಗಿದಾಗಲೆಲ್ಲ ಒಂದು ಗೆಣ್ಣು ಮುರಿಯುತ್ತಿದ್ದ ಹುಡುಗ ಅವನು. ಈಗ ಎರಡು ಎಕರೆ ಕಬ್ಬಿನ ಗದ್ದೆಯ ಯಜಮಾನ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಮನುಷ್ಯ. ಕುಶಲೋಪರಿ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. "ಸಾ, ನನ್ ಮಗ್ಳು ಡಿಗ್ರಿ ಮುಗ್ಸವ್ಳೆ. ಪೊಲೀಸ್‌ಗೇ ಸೇರ್ಕತೀನಿ ಅಂತ ಹಟ ಹಿಡ್ದು ಕೂತವ್ಳೆ. ನಿಮ್ ಮಾತು ಅಂದ್ರೆ ಕೇಳ್ತಾಳೆ. ಬ್ಯಾಡ ಅಂತ ಒಂದ್ ಮಾತು ಹೇಳ್ಬುಡಿ."

ನಾನು ತಕ್ಷಣ ಉತ್ತರಿಸಲಿಲ್ಲ. "ಯೋಚಿಸಿ ಹೇಳುತ್ತೇನಪ್ಪ" ಎಂದು ಕರೆ ಮುಗಿಸಿದೆ. ಯೋಚಿಸಬೇಕಾದದ್ದು ಆ ಹುಡುಗಿಯ ವಿಷಯವಲ್ಲ, ನನ್ನದೇ ಒಂದು ಹಳೆಯ ಲೆಕ್ಕವಾಗಿತ್ತು. ಇಂಥದೇ ಪ್ರಸಂಗದಲ್ಲಿ ನಾನು ಹಿಂದೊಮ್ಮೆ 'ಬೇಡ' ಎಂದು ಹೇಳಿದ್ದೇನೆ. ಆ ಮಾತಿನ ಭಾರ ಇಂದಿಗೂ ಇಳಿದಿಲ್ಲ. ಆದ್ದರಿಂದ ಈ ಶಿಷ್ಯನಿಗೆ ಹೇಳಬೇಕಾದ ಉತ್ತರವನ್ನು ನಿಮ್ಮೆಲ್ಲರ ಮುಂದೆಯೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರಿಗೆ ಈಗ ಬೆಳೆದ ಹೆಣ್ಣುಮಕ್ಕಳಿದ್ದಾರೆ. ಕೆಲವರಿಗೆ ಮದುವೆಗೆ ಬಂದ ಗಂಡುಮಕ್ಕಳಿದ್ದಾರೆ. ಇಬ್ಬರಿಗೂ ಇದು ಸಂಬಂಧಿಸಿದ ವಿಷಯ.

ನಾನು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದ ಕಾಲ. ದೂರದರ್ಶನದಲ್ಲಿ 1989ರಲ್ಲಿ 'ಉಡಾನ್' ಎಂಬ ಹಿಂದಿ ಧಾರಾವಾಹಿ ಬರುತ್ತಿತ್ತು. ಸಾಮಾನ್ಯ ಮನೆಯ ಹುಡುಗಿಯೊಬ್ಬಳು ಛಲ ತೊಟ್ಟು ಐಪಿಎಸ್ ಅಧಿಕಾರಿಯಾಗುವ ಕತೆ. ಕವಿತಾ ಚೌಧರಿ ಎಂಬಾಕೆ ತಾವೇ ಬರೆದು, ನಿರ್ದೇಶಿಸಿ, ನಾಯಕಿಯಾಗಿ ನಟಿಸಿದ್ದರು. ತಮ್ಮ ಅಕ್ಕ ಕಾಂಚನ್ ಚೌಧರಿ ಅವರ ಬದುಕಿನಿಂದಲೇ ಆ ಕತೆಯನ್ನು ಎತ್ತಿಕೊಂಡಿದ್ದರು. ನಮ್ಮೂರಿನ ಮಕ್ಕಳಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ಟಿ.ವಿ. ಇದ್ದ ಒಂದೆರಡು ಮನೆಗಳ ಪಡಸಾಲೆಯಲ್ಲಿ ಅವರೆಲ್ಲ ಕಿಕ್ಕಿರಿದು ಕೂರುತ್ತಿದ್ದರು. ಖಾಕಿ ತೊಟ್ಟ ಹೆಣ್ಣನ್ನು ಅರ್ಥಮಾಡಿಕೊಳ್ಳಲು ಭಾಷೆ ಬೇಕಿರಲಿಲ್ಲ.

ಹಾಗೆ ನೋಡಿದವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಳು. ಎಸ್ಸೆಸ್ಸೆಲ್ಸಿ ಮುಗಿಸಿ ಮಳವಳ್ಳಿಯಲ್ಲಿ ಪಿಯುಸಿ ಮಾಡಿಕೊಂಡಿದ್ದಳು. ಎತ್ತರದ ಹುಡುಗಿ, ತಾಲ್ಲೂಕು ಮಟ್ಟದ ಓಟದಲ್ಲಿ ಶಾಲೆಗೆ ಬಹುಮಾನ ತಂದವಳು. ಒಂದು ದಿನ ಮಹಿಳಾ ಕಾನ್‌ಸ್ಟೆಬಲ್ ಹುದ್ದೆಯ ಅರ್ಜಿ ಹಿಡಿದು, ನಡತೆಯ ಪ್ರಮಾಣಪತ್ರ ಬೇಕೆಂದು ಶಾಲೆಗೆ ಬಂದಳು. ಪ್ರಮಾಣಪತ್ರವನ್ನೇನೋ ಬರೆಸಿಕೊಟ್ಟೆ. ಅದರ ಜೊತೆಗೆ, ಅವಳು ಕೇಳದಿದ್ದ ಉಪದೇಶವನ್ನೂ ಕೊಟ್ಟೆ. "ಇದು ನಿನ್ನಂಥ ಒಳ್ಳೆಯ ಮನೆತನದ ಹುಡುಗಿಗೆ ಹೇಳಿದ ಕೆಲಸವಲ್ಲಮ್ಮ. ರಾತ್ರಿ ಪಾಳಿ, ಕಳ್ಳಕಾಕರ ಸಹವಾಸ. ನಾಳೆ ಮದುವೆಗೆ ತೊಂದರೆಯಾಗುತ್ತದೆ. ಟಿ.ಸಿ.ಎಚ್. ಮಾಡು, ಟೀಚರ್ ಆಗು" ಎಂದೆ. ಅವಳು ತಲೆತಗ್ಗಿಸಿ ಕೇಳಿಸಿಕೊಂಡಳು. ಅರ್ಜಿ ಹಾಕಲಿಲ್ಲ. ಟಿ.ಸಿ.ಎಚ್. ಸೀಟೂ ಸಿಗಲಿಲ್ಲ. ಮರು ವರ್ಷವೇ ಮದುವೆಯಾಯಿತು.

ಹಲವು ವರ್ಷಗಳ ಮೇಲೆ ಮಳವಳ್ಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕಾಲಿಗೆ ನಮಸ್ಕರಿಸಿದಳು, ಮಕ್ಕಳ ವಿಷಯ ಹೇಳಿದಳು. ಬಸ್ಸು ಬರುವ ಹೊತ್ತಿಗೆ ನಗುತ್ತಲೇ, "ಸಾ, ಆ ಪೊಲೀಸ್ ಫಾರಮ್ಮು ಬೋ ದಿನ ಇಟ್ಕಂಡಿದ್ದೆ. ಮನೆ ಬದ್ಲಾಯ್ಸುವಾಗ ಎಲ್ಲೋ ಹೋಯ್ತು" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ನಾನೇಕೆ ಹಾಗೆ ಹೇಳಿದೆ? ದುರುದ್ದೇಶದಿಂದಲ್ಲ. ನಮ್ಮ ಸೀಮೆಯ ಎಲ್ಲರಂತೆ ನನಗೂ ಪೊಲೀಸ್ ಎಂದರೆ ದೂರವಿರಬೇಕಾದ ವಸ್ತುವಾಗಿತ್ತು. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆಯಿತಷ್ಟೆ. ಸಂಸ್ಥಾನದ ಸರ್ಕಾರದ ನಿಷೇಧವನ್ನು ಮುರಿದು ರಾಷ್ಟ್ರಧ್ವಜ ಏರಿಸಲು ಹೊರಟ ಟಿ. ಸಿದ್ದಲಿಂಗಯ್ಯ ಮೊದಲಾದ ನಾಯಕರನ್ನು ಬಂಧಿಸಿದವರು ಪೊಲೀಸರು. ನಮ್ಮ ಹಿರಿಯರು ಆ ಕತೆಯನ್ನು ಹೇಳುವಾಗ ಖಾಕಿ ಯಾವಾಗಲೂ ಎದುರು ಪಕ್ಷದಲ್ಲಿಯೇ ಇರುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೂ ಆ ಚಿತ್ರ ಬದಲಾಗಲಿಲ್ಲ. 'ಅಳಬೇಡ, ಪೊಲೀಸ್ ಬರ್ತಾನೆ' ಎಂದು ಮಕ್ಕಳನ್ನು ಹೆದರಿಸಿದ್ದೇ ಹೆದರಿಸಿದ್ದು. ಠಾಣೆಯ ಮೆಟ್ಟಿಲು ಹತ್ತುವುದೇ ಮರ್ಯಾದೆಗೆ ಕುಂದು ಎಂದು ನಂಬಿದ ಸಮಾಜ, ಮಗಳನ್ನು ಆ ಮೆಟ್ಟಿಲ ಮೇಲೆ ನೌಕರಿಗೆ ಹೇಗೆ ಕಳಿಸೀತು?

ನನ್ನ ನಂಬಿಕೆ ಅಲುಗಿದ್ದು ಆ ಉಪದೇಶ ಮಾಡಿದ ಕೆಲವೇ ವರ್ಷಗಳಲ್ಲಿ. ಶಾಲೆಯ ಬಾಲಕಿಯೊಬ್ಬಳಿಗೆ ಹಳ್ಳಿಯ ಒಬ್ಬ ದೊಡ್ಡ ಮನುಷ್ಯನಿಂದ ತೊಂದರೆಯಾಯಿತು. ಅವಳ ತಾಯಿ ನನ್ನ ಬಳಿ ಬಂದು ಅತ್ತಳು. ಧೈರ್ಯ ಹೇಳಿ ನಾನೇ ಆಕೆಯನ್ನು ಠಾಣೆಗೆ ಕರೆದೊಯ್ದೆ. ಅಲ್ಲಿದ್ದ ಅಧಿಕಾರಿ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಏನಾಯಿತು ಹೇಳಮ್ಮ ಎಂದು ಸೌಜನ್ಯದಿಂದಲೇ ಕೇಳಿದರು. ಆದರೆ ಆ ಕೋಣೆಯಲ್ಲಿ ಐದಾರು ಗಂಡಸರಿದ್ದರು, ನನ್ನನ್ನೂ ಸೇರಿಸಿ. ಆಕೆ ಸೆರಗಿನ ಅಂಚನ್ನು ಬಾಯಿಗೊತ್ತಿಕೊಂಡು ಹತ್ತು ನಿಮಿಷ ಸುಮ್ಮನೆ ನಿಂತಳು. ಕೊನೆಗೆ ನನ್ನ ಕಡೆ ತಿರುಗಿ, "ನಡೀರಿ ಸಾ, ಹೋಗಾನ" ಎಂದಳು. ಹೊರಟು ಬಂದೆವು. ದೂರು ದಾಖಲಾಗಲಿಲ್ಲ. ಆ ಮಗು ಶಾಲೆ ಬಿಟ್ಟಿತು.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಹೊಳೆದದ್ದು ಒಂದೇ. ಆ ಮೇಜಿನ ಆಚೆ ಬದಿಯಲ್ಲಿ, ನಾನು ಬೇಡವೆಂದು ತಡೆದ ಆ ಎತ್ತರದ ಹುಡುಗಿ ಕುಳಿತಿದ್ದರೆ? ಹೆಣ್ಣೊಬ್ಬಳು ಪೊಲೀಸ್ ಆಗುವುದು ಅವಳೊಬ್ಬಳ ಉದ್ಯೋಗದ ಪ್ರಶ್ನೆ ಎಂದು ತಿಳಿದಿದ್ದೆ. ಬಾಯಿ ಬಿಡಲಾರದೆ ಹಿಂದಿರುಗುವ ಎಷ್ಟೋ ತಾಯಂದಿರ ಪ್ರಶ್ನೆಯೂ ಅದೇ ಎಂಬುದು ಆ ದಿನ ಅರಿವಿಗೆ ಬಂತು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಇಷ್ಟೇ. 'ಹೆಣ್ಣಿಗೆ ಪೊಲೀಸ್ ಕೆಲಸ ಸಲ್ಲುವುದೇ?' ಎಂದು ಕೇಳುವುದೇ ತಪ್ಪು. ಹೆಣ್ಣುಮಕ್ಕಳಿಲ್ಲದ ಠಾಣೆ ಹೆಣ್ಣುಮಕ್ಕಳಿಗೆ ಸಲ್ಲುವುದೇ ಎಂದು ಕೇಳಬೇಕು.

ಇದು ನನ್ನೊಬ್ಬನ ಭಾವುಕತೆಯಲ್ಲ. ದೇಶದ ಕಾನೂನೇ ಹೀಗೆ ಹೇಳುತ್ತದೆ. ಮುಂಬಯಿಯ ಪತ್ರಕರ್ತೆ ಶೀಲಾ ಬರ್ಸೆ ಅವರು ಬರೆದ ಪತ್ರದ ಮೇಲೆ ಸರ್ವೋಚ್ಚ ನ್ಯಾಯಾಲಯ 1983ರಲ್ಲಿಯೇ ತೀರ್ಪು ಕೊಟ್ಟು, ಮಹಿಳಾ ಆರೋಪಿಗಳನ್ನು ಮಹಿಳಾ ಕಾನ್‌ಸ್ಟೆಬಲ್‌ಗಳ ಕಾವಲಿನ ಪ್ರತ್ಯೇಕ ಬಂದೀಖಾನೆಯಲ್ಲಿ ಇರಿಸಬೇಕು, ಮಹಿಳಾ ಪೊಲೀಸರ ಸಮ್ಮುಖದಲ್ಲಿಯೇ ವಿಚಾರಣೆ ಮಾಡಬೇಕು ಎಂದು ನಿರ್ದೇಶಿಸಿತು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಣ್ಣನ್ನು ಬಂಧಿಸಕೂಡದು. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬಂಧಿಸಬೇಕು ಎಂಬ ನಿಯಮ 2005ರ ತಿದ್ದುಪಡಿಯಿಂದ ಬಂತು. ಹೆಣ್ಣಿನ ದೇಹ ತಪಾಸಣೆಯನ್ನು ಹೆಣ್ಣೇ ಮಾಡಬೇಕೆಂಬುದು ಅದಕ್ಕೂ ಹಳೆಯ ನಿಯಮ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂದು 2013ರ ತಿದ್ದುಪಡಿ ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ರಕ್ಷಣೆಗಳನ್ನು ಉಳಿಸಿಕೊಂಡಿದೆ.

ಮಕ್ಕಳ ವಿಷಯದಲ್ಲಂತೂ ಕಾನೂನು ಇನ್ನೂ ಸೂಕ್ಷ್ಮವಾಗಿದೆ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಆ ಹೊತ್ತಿನಲ್ಲಿ ಸಮವಸ್ತ್ರ ಧರಿಸಿರಬಾರದು. ಓದಿದಾಗ ನನಗೆ ಆಶ್ಚರ್ಯವಾಯಿತು. ಖಾಕಿಯ ಭಯವನ್ನು ಶಾಸನ ಬರೆದವರೂ ಬಲ್ಲರು! ಹಿಂದೆ ಆ ತಾಯಿ ಬಾಯಿ ಬಿಡಲಾರದೆ ನಿಂತಾಗ ಇಂಥ ಕಾಯಿದೆ ಇರಲಿಲ್ಲ. ಈಗ ಇದೆ. ಆದರೆ ಅದನ್ನು ಜಾರಿಗೊಳಿಸಬೇಕಾದ ಕೈಗಳು ಎಷ್ಟಿವೆ?

ಲೆಕ್ಕ ನೋಡಿ. ರಾಜ್ಯಗಳ ಪೊಲೀಸ್ ಪಡೆಗಳಲ್ಲಿ ಮಹಿಳೆಯರ ಪ್ರಮಾಣವನ್ನು ಶೇ. 33ಕ್ಕೆ ಏರಿಸಿರೆಂದು ಕೇಂದ್ರ ಗೃಹ ಸಚಿವಾಲಯ 2013ರಲ್ಲಿ ಸಲಹೆ ನೀಡಿತು. 2022ರ ಆರಂಭದಲ್ಲಿ ದೇಶದಾದ್ಯಂತ ಅದು ಶೇ. 12ನ್ನೂ ಮುಟ್ಟಿರಲಿಲ್ಲ. 2025ರ ಭಾರತ ನ್ಯಾಯ ವರದಿ ಇನ್ನೊಂದು ಮಗ್ಗುಲನ್ನು ತೋರಿಸಿತು. ದೇಶದ ಸುಮಾರು 2.4 ಲಕ್ಷ ಮಹಿಳಾ ಪೊಲೀಸರಲ್ಲಿ ಐಪಿಎಸ್ ದರ್ಜೆಯವರು ಒಂದು ಸಾವಿರಕ್ಕೂ ಕಡಿಮೆ. ಹತ್ತರಲ್ಲಿ ಒಂಬತ್ತು ಮಂದಿ ಕಾನ್‌ಸ್ಟೆಬಲ್ ಮಟ್ಟದಲ್ಲಿಯೇ ಇದ್ದಾರೆ. ಅಂದರೆ, ಹೇಳಿಕೆ ಪಡೆಯುವ ಅಧಿಕಾರವುಳ್ಳ ಸಬ್ ಇನ್‌ಸ್ಪೆಕ್ಟರ್ ಹುದ್ದೆಯಲ್ಲಿ ಹೆಂಗಸರು ಇನ್ನೂ ವಿರಳ.

ಇದನ್ನು ನಮ್ಮ ಕಡೆಗೆ ಇಳಿಸಿ ಯೋಚಿಸಿ. ಮಂಡ್ಯದಲ್ಲಿ ಪ್ರತ್ಯೇಕ ಮಹಿಳಾ ಪೊಲೀಸ್ ಠಾಣೆ ಇದೆ, ನಿಜ. ಆದರೆ ಹಲಗೂರಿನ ಆಚೆ, ಮುತ್ತತ್ತಿಯ ಕಾಡಂಚಿನ ಹಳ್ಳಿಯೊಂದರಲ್ಲಿ ರಾತ್ರಿ ಹತ್ತು ಗಂಟೆಗೆ ಗಂಡನಿಂದ ಹೊಡೆತ ತಿಂದ ಹೆಣ್ಣು ಮಂಡ್ಯದವರೆಗೆ ಹೋಗುವಳೇ? ಅವಳಿಗೆ ಹತ್ತಿರದ ಠಾಣೆಯೇ ಗತಿ. ಅಲ್ಲಿರುವ ನಾಲ್ಕಾರು ಮಹಿಳಾ ಸಿಬ್ಬಂದಿಯಲ್ಲಿ ಒಬ್ಬಳು ನ್ಯಾಯಾಲಯದ ಕೆಲಸಕ್ಕೆ, ಒಬ್ಬಳು ಬಂದೋಬಸ್ತಿಗೆ, ಒಬ್ಬಳು ಹೆರಿಗೆ ರಜೆಗೆ ಹೋದರೆ ಆ ರಾತ್ರಿ ಅಲ್ಲಿ ಯಾರಿರುತ್ತಾರೆ? ಕಾನೂನಿನ ಪುಸ್ತಕದಲ್ಲಿ ರಕ್ಷಣೆಯಿದೆ. ಪಾಳಿಯ ಪಟ್ಟಿಯಲ್ಲಿ ಹೆಸರಿಲ್ಲ.

ನಮ್ಮ ಜಿಲ್ಲೆ ಈಚಿನ ವರ್ಷಗಳಲ್ಲಿ ಕಂಡದ್ದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. 2022ರ ಅಕ್ಟೋಬರ್‌ನಲ್ಲಿ ಮಳವಳ್ಳಿ ಪಟ್ಟಣದಲ್ಲಿ ಮನೆಪಾಠಕ್ಕೆಂದು ಹೋದ ಹತ್ತು ವರ್ಷದ ಬಾಲಕಿ ಹೆಣವಾಗಿ ಸಿಕ್ಕಳು. ಪಾಠ ಹೇಳಿಯೇ ಜೀವನ ಸವೆಸಿದ ನನಗೆ ಆ ಸುದ್ದಿಯನ್ನು ಪೂರ್ತಿ ಓದಲಾಗಲಿಲ್ಲ. ಅದಾದ ಮೇಲೆ ಎಷ್ಟೋ ತಾಯಂದಿರು ಮಕ್ಕಳನ್ನು ಮೊದಲ ಬಾರಿಗೆ ಬಳಿ ಕೂರಿಸಿಕೊಂಡು 'ನಿನಗೆ ಯಾರಾದರೂ ತೊಂದರೆ ಕೊಟ್ಟಿದ್ದಾರೆಯೇ' ಎಂದು ಕೇಳಿದರು. ಮಗು 'ಹೌದು' ಎಂದರೆ ಆ ತಾಯಿ ಮುಂದೆ ಯಾರ ಹತ್ತಿರ ಹೋಗಬೇಕು?

2023ರ ಕೊನೆಯಲ್ಲಿ ಇನ್ನೊಂದು ಆಘಾತ. ಹೆಣ್ಣು ಭ್ರೂಣ ಹತ್ಯೆಯ ಜಾಲವೊಂದನ್ನು ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದರು. ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದರೆಂದು ತಿಳಿದಾಗ ನಾಡೇ ಬೆಚ್ಚಿಬಿತ್ತು. ಆಲೆಮನೆಯೆಂದರೆ ನಮಗೆ ಬಿಸಿ ಬೆಲ್ಲದ ಪರಿಮಳ, ಕಬ್ಬಿನ ಹಾಲು, ರಜೆಯ ದಿನಗಳ ಸಂಭ್ರಮ. ಅಂಥ ಜಾಗದಲ್ಲಿ ಹೆಣ್ಣುಕೂಸುಗಳ ಹಣೆಬರಹ ಬರೆಯಲಾಗುತ್ತಿತ್ತು. ಜಾಲ ನಡೆಸಿದವರನ್ನು ಬೈಯುವುದು ಸುಲಭ. ಆದರೆ ಅಲ್ಲಿಗೆ ಬಸುರಿಯರನ್ನು ಕರೆತಂದವರು ಯಾರು? ನಮ್ಮಂಥ ಮನೆಗಳವರೇ. 'ಹೆಣ್ಣು ಹೊರೆ' ಎಂಬ ಮಾತು ಸತ್ತಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಸ್ವಂತ ಸಂಬಳದಿಂದ ತಂದೆತಾಯಿಯನ್ನು ಸಾಕುವ, ಬೀದಿಯಲ್ಲಿ ತಲೆಯೆತ್ತಿ ನಡೆಯುವ ಮಗಳೊಬ್ಬಳು ಊರಿನಲ್ಲಿದ್ದರೆ, ಆ ಮಾತಿಗೆ ಅವಳೇ ಜೀವಂತ ಉತ್ತರ. ಭಾಷಣಗಳಿಂದ ಆಗದ ಕೆಲಸ ಅದು.

ನಮ್ಮ ಜನಕ್ಕೆ ಸಮವಸ್ತ್ರದ ಮೇಲೆ ಗೌರವವಿಲ್ಲವೆಂದು ನಾನು ಹೇಳಲಾರೆ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ ಸಿಆರ್‌ಪಿಎಫ್ ಯೋಧರಲ್ಲಿ ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಒಬ್ಬರು. ಅವರ ಪಾರ್ಥಿವ ಶರೀರ ಬಂದ ದಿನ ಮದ್ದೂರು–ಮಳವಳ್ಳಿ ರಸ್ತೆಯುದ್ದಕ್ಕೂ ನಿಂತ ಜನಸಾಗರವನ್ನು ಮರೆಯಲಾಗದು. ಆ ದಿನ ಪ್ರತಿ ಮನೆಯೂ ತನ್ನ ಮಗನನ್ನೇ ಕಳೆದುಕೊಂಡಂತೆ ಅತ್ತಿತು.

ಅದೇ ಸಿಆರ್‌ಪಿಎಫ್‌ನ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ಉಗ್ರರ ದಾಳಿಯಾದಾಗ ದ್ವಾರವೊಂದರಲ್ಲಿ ಕರ್ತವ್ಯದಲ್ಲಿದ್ದವರು ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ. 1986ರಲ್ಲಿ ರಚನೆಯಾದ ಮೊದಲ ಮಹಿಳಾ ಬೆಟಾಲಿಯನ್ನಿಗೆ ಸೇರಿದವರು. ಅವರ ಕೈಯಲ್ಲಿ ಬಂದೂಕಿರಲಿಲ್ಲ, ಒಂದು ವಾಕಿಟಾಕಿ ಮಾತ್ರ. ಕಾರಿನಲ್ಲಿ ಬಂದವರ ಮೇಲೆ ಅನುಮಾನಗೊಂಡು ದ್ವಾರ ಮುಚ್ಚಲು ಓಡಿದರು, ಕೂಗಿ ಎಚ್ಚರಿಸಿದರು, ಗುಂಡೇಟಿಗೆ ಬಲಿಯಾದರು. ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. ಎರಡು ಹೆಣ್ಣುಮಕ್ಕಳ ತಾಯಿ ಆಕೆ. ಮಗ ಸಮವಸ್ತ್ರ ತೊಟ್ಟರೆ ಊರಿಗೆ ಹೆಮ್ಮೆ, ಮಗಳು ತೊಟ್ಟರೆ 'ಮದುವೆ ಹೇಗೆ' ಎಂಬ ಚಿಂತೆ. ಈ ಭೇದ ನ್ಯಾಯವೇ?

ಮೇಲೆ ಹೇಳಿದ ಕಾಂಚನ್ ಚೌಧರಿ 2004ರಲ್ಲಿ ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕರಾದರು. ದೇಶದ ಯಾವುದೇ ರಾಜ್ಯದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ನಮ್ಮ ರಾಜ್ಯದ ಶ್ರೇಣಿಗೆ 1975ರ ತಂಡದಲ್ಲಿ ಜೀಜಾ ಹರಿಸಿಂಗ್ ಬಂದಿದ್ದರು. 2017ರ ಅಕ್ಟೋಬರ್ 31ರಂದು ನೀಲಮಣಿ ರಾಜು ಕರ್ನಾಟಕ ಪೊಲೀಸಿನ ಮುಖ್ಯಸ್ಥರಾದರು. 2020ರ ಜನವರಿಯಲ್ಲಿ ನಿವೃತ್ತರಾಗುವವರೆಗೂ ಇಡೀ ರಾಜ್ಯದ ಪಡೆ ಅವರ ಆಜ್ಞೆಯಲ್ಲಿತ್ತು. ಈಚೆಗೆ ನಮ್ಮ ಮಂಡ್ಯ ಜಿಲ್ಲೆಗೂ ಮಹಿಳೆಯರು ಪೊಲೀಸ್ ವರಿಷ್ಠಾಧಿಕಾರಿಗಳಾಗಿ ಬಂದು ಹೋಗಿದ್ದಾರೆ. ಇವರೆಲ್ಲ ಅಭಿಮಾನಪಡಬೇಕಾದವರೇ.

ಆದರೆ ಸಭೆಗಳಲ್ಲಿ ನಾವು ಇವರ ಹೆಸರನ್ನಷ್ಟೇ ಹೇಳಿ ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇವೆ. ನನ್ನ ಶಿಷ್ಯನ ಮಗಳು ಸೇರುವುದು ಆ ತುದಿಯಲ್ಲಿ ಅಲ್ಲ, ಏಣಿಯ ಮೊದಲ ಮೆಟ್ಟಿಲಿನಲ್ಲಿ. ಅಲ್ಲಿನ ಕಷ್ಟವನ್ನು ಮುಚ್ಚಿಟ್ಟು ಹೊಗಳಿದರೆ ನಾನು ಎರಡನೆಯ ತಪ್ಪು ಮಾಡಿದಂತಾಗುತ್ತದೆ.

ಕಾವೇರಿ ಚಳವಳಿಯ ದಿನಗಳನ್ನು ನೀವೆಲ್ಲ ಕಂಡಿದ್ದೀರಿ. 1991, 2002, 2012, 2016, ಹೀಗೆ ಹೆದ್ದಾರಿ ತಡೆಯಾದಾಗಲೆಲ್ಲ ಹೆಂಗಸರು ಕೊಡ ಹಿಡಿದು ರಸ್ತೆಯಲ್ಲಿ ಕುಳಿತಿದ್ದಾರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಗೆ ಪ್ರಧಾನಿ ಗೆಜ್ಜಲಗೆರೆಗೆ ಬಂದಾಗ, 2025ರ ಸೆಪ್ಟೆಂಬರ್‌ನಲ್ಲಿ ಗಣೇಶ ವಿಸರ್ಜನೆಯ ಗಲಭೆಯ ಬಳಿಕ ಮದ್ದೂರು ಪೇಟೆ ಉದ್ವಿಗ್ನವಾದಾಗ, ಗುಂಪಿನಲ್ಲಿ ಹೆಂಗಸರಿರುವ ಕಡೆಯಲ್ಲೆಲ್ಲ ಮಹಿಳಾ ಪೊಲೀಸರು ಬೇಕೇ ಬೇಕು. ಬೆಳಗಿನ ಜಾವ ಬಂದು ನಿಂತವರಿಗೆ ಬಿಡುಗಡೆ ಯಾವಾಗಲೋ. ಇಂಥ ಬಂದೋಬಸ್ತಿನಲ್ಲಿ ಶೌಚಾಲಯಕ್ಕೆ ಎಲ್ಲಿ ಹೋಗಬೇಕೆಂದು ತಿಳಿಯದೆ, ನೀರು ಕುಡಿಯುವುದನ್ನೇ ಬಿಟ್ಟು ನಿಲ್ಲುತ್ತೇವೆಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಹೆಂಡತಿಯೊಡನೆ ಹೇಳಿಕೊಂಡಳು. ನನ್ನೊಡನೆ ಹೇಳಲಿಲ್ಲ, ಗಮನಿಸಿ. ಠಾಣೆಯ ಆ ತಾಯಿಯಂತೆ ಇವಳಿಗೂ ಹೇಳಿಕೊಳ್ಳಲು ಹೆಣ್ಣೇ ಬೇಕಾಯಿತು.

ಕರ್ನಾಟಕದ ಪೊಲೀಸ್ ಸಿಬ್ಬಂದಿ ಸಂಬಳ, ರಜೆಗಳ ಕೊರತೆಯಿಂದ ಬೇಸತ್ತು 2016ರ ಜೂನ್ 4ರಂದು ಸಾಮೂಹಿಕ ರಜೆಗೆ ಕರೆ ಕೊಟ್ಟದ್ದು ನೆನಪಿರಬಹುದು. ಆಮೇಲೆ ಔರಾದಕರ್ ಸಮಿತಿಯ ವರದಿ ಬಂತು, 2019ರಲ್ಲಿ ವೇತನ ಕೊಂಚ ಸುಧಾರಿಸಿತು. ಸರ್ಕಾರಿ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನು 2021ರ ರಾಜ್ಯ ಬಜೆಟ್ ಘೋಷಿಸಿತು. ಆದರೆ ಜನ ಕಡಿಮೆಯಿರುವ ಠಾಣೆಯಲ್ಲಿ ಒಬ್ಬಳು ರಜೆ ಹೋದರೆ ಅವಳ ಕೆಲಸ ಇನ್ನೊಬ್ಬಳ ಹೆಗಲಿಗೆ ಬೀಳುತ್ತದೆ. ಹೆಂಗಸರ ಸಂಖ್ಯೆ ಹೆಚ್ಚದೆ ಹೆಂಗಸರ ಸೌಲಭ್ಯ ನಿಜವಾಗುವುದಿಲ್ಲ. ಸೌಲಭ್ಯವಿಲ್ಲದೆ ಹೆಂಗಸರು ಬರುವುದಿಲ್ಲ. ಈ ಗಂಟನ್ನು ಸರ್ಕಾರವೇ ಬಿಚ್ಚಬೇಕು.

ಚಿತ್ರದುರ್ಗದ ಒನಕೆ ಓಬವ್ವನ ಕತೆಯನ್ನು ನಾನು ನಿಮಗೆಲ್ಲ ಪಾಠ ಮಾಡಿದ್ದೇನೆ. ಕೋಟೆಯ ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದಷ್ಟು ಹೊತ್ತು ಆಕೆ ಒನಕೆ ಹಿಡಿದು ಕಿಂಡಿ ಕಾಯ್ದಳು. ಆ ಶೌರ್ಯವನ್ನು ಎಷ್ಟು ಸಲ ಹೇಳಿದರೂ ನನಗೆ ರೋಮಾಂಚನವಾಗುತ್ತಿತ್ತು. ಆದರೆ ಇಷ್ಟು ವರ್ಷಗಳಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ನಾನು ತರಗತಿಯಲ್ಲಿ ಕೇಳಲಿಲ್ಲ: ಅಷ್ಟು ಸಮರ್ಥಳಾದ ಹೆಣ್ಣಿಗೆ ಕಾವಲಿನ ಕೆಲಸ ಸಿಕ್ಕಿದ್ದು ಗಂಡ ಉಣ್ಣುವಷ್ಟು ಹೊತ್ತಿಗೆ ಮಾತ್ರವೇ ಏಕೆ? ಇಂದಿಗೂ ನಾವು ಮಹಿಳಾ ಪೊಲೀಸರನ್ನು ಹಾಗೆಯೇ ನೋಡುತ್ತೇವೆ. ಹೆಂಗಸರನ್ನು ಬಂಧಿಸಬೇಕಾದಾಗ, ಹೆಂಗಸರ ಗುಂಪು ಬಂದಾಗ ಕರೆಯುವುದು; ಉಳಿದಂತೆ ಕಂಪ್ಯೂಟರ್ ಮುಂದೆ, ಸ್ವಾಗತದ ಮೇಜಿನ ಹಿಂದೆ ಕೂರಿಸುವುದು. ತನಿಖೆ, ಗಸ್ತು, ಠಾಣೆಯ ಹೊಣೆ ಅವರಿಗೂ ಸಮನಾಗಿ ಬರಬೇಕು. ಹಾಗಾದಾಗಲೇ ಬಡ್ತಿಯ ದಾರಿ ತೆರೆಯುತ್ತದೆ.

ಇನ್ನೊಂದು ಮಾತು ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಹೆಣ್ಣು ಖಾಕಿ ತೊಟ್ಟ ಮಾತ್ರಕ್ಕೆ ಕರುಣಾಮಯಿಯಾಗಿಬಿಡುವುದಿಲ್ಲ. ಗದರುವ, ಲಂಚಕ್ಕೆ ಕೈಯೊಡ್ಡುವ, 'ಗಂಡನ ಜೊತೆ ಹೊಂದಿಕೊಂಡು ಹೋಗು' ಎಂದು ಹೊಡೆಸಿಕೊಂಡವಳಿಗೇ ಬುದ್ಧಿ ಹೇಳುವ ಮಹಿಳಾ ಸಿಬ್ಬಂದಿಯೂ ಇದ್ದಾರೆ. ನಮ್ಮ ಮನೆಗಳಲ್ಲಿ ಬೆಳೆದವರೇ ಅವರೂ. ಆದರೂ ಅಂಜಿದ ತಾಯಿಗೆ ಮಾತು ಆರಂಭಿಸಲು ಒಂದು ಅವಕಾಶವಾದರೂ ಅವರಿಂದ ಸಿಗುತ್ತದೆ. ನೂರು ಗಂಡಸರಲ್ಲಿ ಕೆಲವರು ಕೆಟ್ಟವರಿದ್ದಾರೆಂದು ಪೊಲೀಸ್ ಇಲಾಖೆಯನ್ನೇ ಗಂಡಸರಿಗೆ ಮುಚ್ಚಿಲ್ಲವಲ್ಲ!

ಹೊರ ಜಗತ್ತಿನ ಒಂದು ಉದಾಹರಣೆ ನನ್ನ ಮಾತಿಗೆ ಬಲ ಕೊಡುತ್ತದೆ. ಅಂತರ್ಯುದ್ಧದಿಂದ ನುಚ್ಚುನೂರಾಗಿದ್ದ ಆಫ್ರಿಕದ ಲೈಬೀರಿಯಕ್ಕೆ 2007ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ಭಾರತದಿಂದ ಸಂಪೂರ್ಣ ಮಹಿಳೆಯರದೇ ಪೊಲೀಸ್ ಪಡೆ ಹೋಯಿತು. 2016ರವರೆಗೆ ಸರದಿಯ ಮೇಲೆ ಅಲ್ಲಿ ಸೇವೆ ಸಲ್ಲಿಸಿತು. ಅವರನ್ನು ಕಂಡು ಆ ದೇಶದ ಹೆಣ್ಣುಮಕ್ಕಳೂ ಪೊಲೀಸ್ ಸೇರಲು ಮುಂದೆ ಬಂದರು. ಸಮುದ್ರದಾಚೆಯ ಹುಡುಗಿಯರು ನಮ್ಮವರನ್ನು ನೋಡಿ ಧೈರ್ಯ ತಂದುಕೊಂಡರೆ, ನಮ್ಮೂರಿನ ಹುಡುಗಿಯರು ಯಾರನ್ನು ನೋಡಬೇಕು?

ಕ್ರಮಬದ್ಧವಾಗಿ ನೇಮಕಾತಿ ನಡೆಸುವುದೂ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ನ್ಯಾಯವೇ. 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹುಡುಗರಿಗೂ ಇದರಿಂದ ಅನ್ಯಾಯವಾಯಿತು, ನಿಜ. ಆದರೆ ಹುಡುಗ ಎರಡು ವರ್ಷ ಕಾಯಬಲ್ಲ. ಹುಡುಗಿಯ ಮನೆಯಲ್ಲಿ ಆ ಎರಡು ವರ್ಷಗಳಲ್ಲಿ ಏನೇನು ನಡೆಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಜಾತಕ ಹೊರಬರುತ್ತದೆ, ನೆಂಟರು ಬರುತ್ತಾರೆ, 'ಇನ್ನೆಷ್ಟು ದಿನ ಓದುವುದು' ಎಂಬ ಮಾತು ಬರುತ್ತದೆ. ಯಾರೋ ಲಂಚ ಕೊಟ್ಟು ಉತ್ತರಪತ್ರಿಕೆ ತಿದ್ದಿಸಿದ್ದಕ್ಕೆ ಎಲ್ಲೋ ಒಂದು ಹಳ್ಳಿಯ ಹುಡುಗಿ ತನ್ನ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ ಹಸೆಮಣೆ ಏರುತ್ತಾಳೆ. ಆ ನಷ್ಟ ಯಾವ ತನಿಖೆಯ ವರದಿಯಲ್ಲೂ ಬರುವುದಿಲ್ಲ.

ಈಗ ನನ್ನ ಶಿಷ್ಯನಿಗೆ ಉತ್ತರ. ಅಯ್ಯಾ, ನಿನ್ನ ಮಗಳಿಗೆ 'ಬೇಡ' ಎಂದು ಹೇಳಲು ನನ್ನಿಂದ ಆಗದು. ಆ ಮಾತನ್ನು ಒಮ್ಮೆ ಹೇಳಿ ಸೋತಿದ್ದೇನೆ. ನಿನ್ನ ಭಯ ನನಗೆ ಅರ್ಥವಾಗುತ್ತದೆ. ಅದು ಪ್ರೀತಿಯಿಂದ ಹುಟ್ಟಿದ ಭಯ. ಆದರೆ ಅವಳು ಕೇಳುತ್ತಿರುವುದು ಕಠಿಣವಾದ ಕೆಲಸವನ್ನು, ಕೆಟ್ಟ ಕೆಲಸವನ್ನಲ್ಲ. ದೇಹದಾರ್ಢ್ಯ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದಲ್ಲಿ ಓಡಿ ಮುಗಿಸಬೇಕು. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ನಸುಕಿನಲ್ಲಿ ನಾಲೆಯ ಏರಿಯ ಮೇಲೆ ಅವಳು ಓಡುವಾಗ ಊರಿನ ಪಡ್ಡೆ ಹುಡುಗರು ಏನಾದರೂ ಅಂದಾರು. ನೀನು ಸೈಕಲ್ ಹತ್ತಿ ಅವಳ ಹಿಂದೆ ಹೋಗು. ಒಂದು ವಾರ ನೀನು ಹೋದರೆ ಎಂಟನೆಯ ದಿನ ಯಾರೂ ಮಾತಾಡುವುದಿಲ್ಲ. ತಂದೆಯಾದವನು ಮಾಡಬೇಕಾದ ಕಾವಲು ಅದು.

ಗಂಡುಮಕ್ಕಳ ತಂದೆತಾಯಿಯರಾದ ನನ್ನ ಇತರ ಶಿಷ್ಯರಲ್ಲಿಯೂ ಒಂದು ಬಿನ್ನಹ. ಪೊಲೀಸ್ ಕೆಲಸದಲ್ಲಿರುವ ಹುಡುಗಿಯ ಜಾತಕ ಬಂದಾಗ ಅದನ್ನು ಬದಿಗಿಡಬೇಡಿ. ಸೊಸೆ ರಾತ್ರಿ ಪಾಳಿ ಮುಗಿಸಿ ಬಂದಾಗ ಅವಳಿಗೊಂದು ಲೋಟ ಕಾಫಿ ಕೊಡುವುದರಿಂದ ಯಾವ ಮನೆತನದ ಮರ್ಯಾದೆಯೂ ಹೋಗುವುದಿಲ್ಲ. ಮಗಳನ್ನು ಕಳಿಸಲು ತಂದೆ ಅಂಜುವುದು ನಿಮಗಾಗಿಯೇ ಎಂಬುದನ್ನು ಮರೆಯಬೇಡಿ.

ಶಿಷ್ಯನ ಮಗಳಿಗೆ ನಾನು ಹೇಳುವುದು ಸ್ವಲ್ಪವೇ. ಓಡಮ್ಮ, ಚೆನ್ನಾಗಿ ಓಡು. ಕಾನ್‌ಸ್ಟೆಬಲ್ ಆದರೂ ಓದುವುದನ್ನು ಬಿಡಬೇಡ, ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಕೂರು. ಮುಂದೆ ಎಂದಾದರೂ ನಿನ್ನ ಮೇಜಿನ ಎದುರು ಹಳ್ಳಿಯ ಹೆಂಗಸೊಬ್ಬಳು ಸೆರಗನ್ನು ಬಾಯಿಗೊತ್ತಿಕೊಂಡು ನಿಂತರೆ, ಕೋಣೆಯಲ್ಲಿರುವ ಗಂಡಸರನ್ನೆಲ್ಲ ಹೊರಗೆ ಕಳಿಸು. ಜೊತೆಯಲ್ಲಿ ಬಂದ ಮುದಿ ಮೇಷ್ಟರಿದ್ದರೆ ಅವರನ್ನೂ ಕಳಿಸು. ಆಮೇಲೆ ಅವಳು ಮಾತಾಡುವವರೆಗೆ ಕಾಯಿ.

ನಡತೆಯ ಪ್ರಮಾಣಪತ್ರ ಬೇಕಾದರೆ ನಿವೃತ್ತನಾದ ನನ್ನ ಸಹಿ ನಡೆಯದು. ನಡೆಯುವಂತಿದ್ದರೆ ನಾನೇ ಮದ್ದೂರಿಗೆ ಬಸ್ಸು ಹತ್ತಿ ಬಂದು ಕೊಡುತ್ತಿದ್ದೆ, ಈ ಸಲ ಯಾವ ಉಪದೇಶವನ್ನೂ ಸೇರಿಸದೆ.